ನೂರಿಪ್ಪತ್ತು ರೂಪಾಯಿಯ ಟೆಸ್ಟ್ ಲ್ಯಾಂಪ್: ಆರು ವರ್ಷ ಬಳಸಿದ ಮೇಲೆ

ಕಾರಿನ ವೈರುಗಳಲ್ಲಿ ಕರೆಂಟ್ ಬರುತ್ತಿದೆಯೇ ಎಂದು ನೋಡುವ ದೀಪ ಇದು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ₹120 ಕೊಟ್ಟು ಕೊಂಡದ್ದು. ಪಾರದರ್ಶಕ ಹಿಡಿಯೊಳಗೆ 5 ವ್ಯಾಟ್ ಬಲ್ಬು, ಮುಂದೆ ಸೂಜಿಮೊನೆ, ಹಿಂದಿನ ವೈರಿಗೆ ಮೊಸಳೆ ಕ್ಲಿಪ್ಪು. ತಯಾರಕರ ಹೆಸರೂ ಇಲ್ಲ. ನನ್ನ 1986ರ ಪ್ರೀಮಿಯರ್ ಪದ್ಮಿನಿಯ ಡ್ಯಾಶ್‌ಬೋರ್ಡ್ ಖಾನೆಯೇ ಅದರ ಮನೆ.

ಭಾನುವಾರ ಕಾಫಿ ಮುಗಿಸಿ ಬಾನೆಟ್ ಎತ್ತುತ್ತೇನೆ. ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್‌ಗೆ ಸೇರಿರುವ ಕಾರಿನ ಮೈಯ ಬಣ್ಣವಿಲ್ಲದ ಬೋಲ್ಟಿಗೆ ಕಚ್ಚಿಸಿ, ಮೊದಲು ಬ್ಯಾಟರಿಯ ಪಾಸಿಟಿವ್‌ಗೆ ಮೊನೆ ಮುಟ್ಟಿಸುತ್ತೇನೆ. ದೀಪವೇ ಕೆಟ್ಟಿದ್ದರೆ ಮುಂದಿನ ಪರೀಕ್ಷೆಯೆಲ್ಲ ಸುಳ್ಳು. ಆಮೇಲೆ ಕೀ ತಿರುಗಿಸಿ ಫ್ಯೂಸ್‌ಗಳ ಸರದಿ. ಎರಡೂ ತುದಿಯಲ್ಲಿ ಉರಿದರೆ ಸರಿ, ಒಂದೇ ಕಡೆ ಉರಿದರೆ ಫ್ಯೂಸ್ ಹೋಗಿದೆ. ಮಂಕಾಗಿ ಉರಿದರೆ ಕೀ ತೆಗೆದು, ಆ ಗುಂಡಿನಾಕಾರದ ಫ್ಯೂಸನ್ನು ಇದ್ದಲ್ಲೇ ಬೆರಳಿನಿಂದ ಎರಡು ಸುತ್ತು ಹೊರಳಿಸುತ್ತೇನೆ. ಕಿಲುಬು ಉಜ್ಜಿಹೋಗಿ ದೀಪ ಮತ್ತೆ ಬೆಳಗುತ್ತದೆ. ಹತ್ತು ನಿಮಿಷದ ಈ ಕೆಲಸ ನನಗೆ ಪೂಜೆಯಷ್ಟೇ ಹಿತ.

ದೂರುಗಳಿಲ್ಲವೆಂದಲ್ಲ. ವೈರ್ ಗಿಡ್ಡ, ಹಿಂದಿನ ದೀಪಗಳತ್ತ ಎಳೆದರೆ ಅರ್ಧಕ್ಕೂ ಬರುವುದಿಲ್ಲ. ಬಿಸಿಲಿನಲ್ಲಿ ಅಂಗೈ ಮರೆ ಮಾಡದಿದ್ದರೆ ಉರಿಯುತ್ತಿದೆಯೋ ಇಲ್ಲವೋ ತಿಳಿಯದು. ಹೊಸ ಕಾರುಗಳ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಏರ್‌ಬ್ಯಾಗ್ ವೈರುಗಳ ಹತ್ತಿರ ಇದನ್ನು ಸುಳಿಯಲೂ ಬಿಡಬಾರದು. ಬಲ್ಬು ಎಳೆಯುವ ಕರೆಂಟ್ ಅವುಗಳಿಗೆ ಅಪಾಯ.

ಹೋದ ಜುಲೈನಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಎಂಜಿನ್ ಒಮ್ಮೆಲೇ ನಿಂತಿತು. ಧೋ ಎಂದು ಮಳೆ. ಹೆಂಡತಿ ಕೊಡೆ ಹಿಡಿದಳು, ನಾನು ಹೆಮ್ಮೆಯಿಂದ ವೋಲ್ಟ್ ಅಳೆಯುವ ಡಿಜಿಟಲ್ ಮಲ್ಟಿಮೀಟರ್ ತೆಗೆದೆ. ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ಗೆ ಬರುವ ವೈರನ್ನು ಕಳಚಿ ನೋಡಿದರೆ 12.4 ವೋಲ್ಟ್.

“ಹನ್ನೆರಡು ಇದೆಯಲ್ಲಾ ರೀ, ಮತ್ತೆ ಯಾಕೆ ಹೊರಡುತ್ತಿಲ್ಲ?”

ಉತ್ತರವಿರಲಿಲ್ಲ. ಅದೇ ತುದಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ. ಬೀಡಿಯ ಕೆಂಡದಷ್ಟು ಬೆಳಕು. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು, ಆದ್ದರಿಂದ ವೈರಿನೊಳಗೆ ತಾಮ್ರದ ಒಂದೇ ಎಳೆ ಉಳಿದಿದ್ದರೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಬಲ್ಬಿಗೆ ಸುಮಾರು 0.4 ಆಂಪಿಯರ್ ಬೇಕು, ಕಾಯಿಲ್‌ಗೆ ಅದರ ಹಲವು ಪಟ್ಟು. ವೈರ್ ಹಿಡಿದು ಹಿಂದಕ್ಕೆ ಹೋದೆ. ಗೇಣಳತೆಯ ಮೇಲೆ ಒಂದು ಕಡೆ ರಬ್ಬರು ಉಬ್ಬಿತ್ತು. ಬ್ಲೇಡಿನಿಂದ ಸೀಳಿದೆ: ತಾಮ್ರದ ಎಳೆಗಳು ಬಹುತೇಕ ಹಸಿರು ಪುಡಿ. ನಡುವೆ ಸೂಜಿ ಚುಚ್ಚಿದ ಒಂದು ತೂತು.

ಆ ತೂತು ನನ್ನದೇ. ಎರಡು ಮಳೆಗಾಲದ ಹಿಂದೆ ಟರ್ಮಿನಲ್ ಕಳಚುವ ಸೋಮಾರಿತನಕ್ಕೆ ಇದೇ ಲ್ಯಾಂಪಿನ ಮೊನೆಯನ್ನು ವೈರಿಗೆ ಚುಚ್ಚಿ ಕರೆಂಟ್ ನೋಡಿದ್ದೆ. ನೀರು ಇಳಿಯಲು ನಾನೇ ದಾರಿ ಮಾಡಿಕೊಟ್ಟಿದ್ದೆ. ಹೆಂಡತಿಗೆ ಮಾತ್ರ “ಹಳೆಯ ವೈರ್” ಎಂದೆ.

ಬ್ಯಾಟರಿಯಿಂದ ಕಾಯಿಲ್‌ನ ಪಾಸಿಟಿವ್‌ಗೆ ನೇರವಾಗಿ ಬೇರೊಂದು ವೈರ್ ಕಟ್ಟಿ ಗುಂಡ್ಯ ತಲುಪಿದೆವು. ಅಲ್ಲಿ ಕೀ ತೆಗೆದರೂ ಎಂಜಿನ್ ಓಡುತ್ತಲೇ ಇತ್ತು. ಇಂಥ ಜೋಡಣೆಯಲ್ಲಿ ಕೀಲಿಗೆ ಅಧಿಕಾರವಿಲ್ಲ. ಬಾನೆಟ್ ಎತ್ತಿ ವೈರ್ ಕಿತ್ತ ಮೇಲಷ್ಟೇ ಸುಮ್ಮನಾಯಿತು. ಹೋಟೆಲಿನ ಮುಂದೆ ನಿಂತವರು ನಕ್ಕರು.

ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದನ್ನು ಕಡಿಮೆ ಮಾಡಿದ್ದು ಗಿಡ್ಡ ವೈರಿಗಾಗಿ. ಈಗ ಸೂಜಿಮೊನೆಯನ್ನು ಅರದಿಂದ ಉಜ್ಜಿ ಮೊಂಡು ಮಾಡಿಟ್ಟಿದ್ದೇನೆ.