ಮುನ್ನುಗ್ಗುವವನ ಎದುರು ಹನ್ನೆರಡು ಶನಿವಾರ: ದಾವಣಗೆರೆಯ ಒಂದು ಸ್ಪಾರಿಂಗ್ ತರಗತಿಯ ವಿಮರ್ಶೆ

ದಾವಣಗೆರೆಯ ಹಳೆಯ ಭಾಗದಲ್ಲಿ, ಒಂದು ಕಾಲಕ್ಕೆ ಹತ್ತಿಯ ಅಂಡಿಗೆಗಳನ್ನು ಪೇರಿಸಿಡುತ್ತಿದ್ದ ಗೋದಾಮಿನಲ್ಲಿ ನಡೆಯುವ ಬಾಕ್ಸಿಂಗ್ ತರಗತಿಗೆ ನಾನು ಹೋಗತೊಡಗಿ ಹತ್ತು ತಿಂಗಳಾಯಿತು. ಮೊದಲ ಏಳು ತಿಂಗಳು ಹಗ್ಗ ಜಿಗಿಯುವುದು, ಬ್ಯಾಗಿಗೆ ಹೊಡೆಯುವುದು, ಕೋಚ್ ಕೈಯಲ್ಲಿ ಹಿಡಿದ ಪ್ಯಾಡ್‌ಗೆ ಹೊಡೆಯುವುದು ಇವುಗಳಲ್ಲೇ ಕಳೆದವು. ಅನಂತರ ಶನಿವಾರ ಸಂಜೆಯ ಸ್ಪಾರಿಂಗ್, ಅಂದರೆ ಇಬ್ಬರು ಎದುರುಬದುರು ನಿಂತು ಆಡುವ ಅಭ್ಯಾಸದ ಪಂದ್ಯದ, ತಂಡಕ್ಕೆ ಸೇರಿಸಿಕೊಂಡರು. ಈ ವಿಮರ್ಶೆ ಆ ಹನ್ನೆರಡು ಶನಿವಾರಗಳ ಬಗ್ಗೆ ಮಾತ್ರ; ಅದರಲ್ಲೂ ಮುಖ್ಯವಾಗಿ, ವೇಗವಾಗಿ ಮೈಮೇಲೆ ಬೀಳುವ ಎದುರಾಳಿಯನ್ನು ನಿಭಾಯಿಸುವುದನ್ನು ಇಲ್ಲಿ ಹೇಗೆ ಕಲಿಸುತ್ತಾರೆ ಎಂಬುದರ ಬಗ್ಗೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ತರಗತಿಯ ಹೆಸರನ್ನು ಬರೆಯುತ್ತಿಲ್ಲ. ದೂರುಗಳನ್ನು ಕೋಚ್ ಅವರಿಗೆ ಎದುರಿಗೇ ಹೇಳಿದ್ದೇನೆ.

ನನಗೆ ಮೂವತ್ತೆಂಟು ವರ್ಷ, ತೂಕ 74 ಕಿಲೋ, ಕೆಲಸ ಮೆಕ್ಕೆಜೋಳದ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು. ಸ್ಪರ್ಧೆಗೆ ಇಳಿಯುವ ಆಸೆಯಾಗಲಿ ವಯಸ್ಸಾಗಲಿ ಇಲ್ಲ. ಕುಸ್ತಿಯ ಊರಿನಲ್ಲಿ ಬಾಕ್ಸಿಂಗ್ ಯಾಕೆ ಎಂದು ಕೇಳುವವರಿಗೆ ನನ್ನ ಬಳಿ ಒಳ್ಳೆಯ ಉತ್ತರವೂ ಇಲ್ಲ. ನಮ್ಮ ತಂದೆಯವರು ಗರಡಿಗೆ ಹೋಗುತ್ತಿದ್ದರು, ನಾನು ಹೋಗಲಿಲ್ಲ; ದಲಾಲಿ ಮಂಡಿಯ ಗಾದಿಯ ಮೇಲೆ ಕುಳಿತು ಕುಳಿತು ಸೊಂಟ ಹಿಡಿದ ಮೇಲೆ ಏನಾದರೊಂದು ಬೇಕಾಯಿತು, ಅಷ್ಟೆ.

ಶುಲ್ಕ ತಿಂಗಳಿಗೆ 1,500 ರೂಪಾಯಿ, ಸ್ಪಾರಿಂಗ್‌ಗೆ ಬೇರೆ ಹಣವಿಲ್ಲ. ರಿಂಗ್ ಎಂದು ಕರೆಯುವ ಜಾಗಕ್ಕೆ ಮೂರು ಕಡೆ ಮಾತ್ರ ಹಗ್ಗವಿದೆ, ನಾಲ್ಕನೆಯ ಕಡೆ ಗೋಡೆಗೆ ಹಳೆಯ ಹಾಸಿಗೆಗಳನ್ನು ಕಟ್ಟಿದ್ದಾರೆ. ಸ್ಪರ್ಧೆಯ ರಿಂಗ್ ಹಗ್ಗದ ಒಳಗೆ ಸುಮಾರು 6.1 ಮೀಟರ್, ಅಂದರೆ 20 ಅಡಿ ಚೌಕ ಇರುತ್ತದೆ. ಇಲ್ಲಿಯದು ನನ್ನ ಅಳತೆಗೆ 14 ಅಡಿ ದಾಟುವುದಿಲ್ಲ. ಮೊದಲಿಗೆ ಇದನ್ನು ಕೊರತೆ ಎಂದೇ ಬರೆದಿಟ್ಟುಕೊಂಡಿದ್ದೆ. ಆದರೆ ಇಷ್ಟು ಇಕ್ಕಟ್ಟಿನಲ್ಲಿ ಓಡಿ ತಪ್ಪಿಸಿಕೊಳ್ಳಲು ಜಾಗವೇ ಇಲ್ಲದ್ದರಿಂದ, ಕಲಿಯಲೇಬೇಕಾದ ಒಂದು ವಿಷಯವನ್ನು ಬೇಗ ಕಲಿತೆ ಎಂದು ಈಗ ಅನ್ನಿಸುತ್ತದೆ.

ಮೊದಲ ಶನಿವಾರ ನನ್ನ ಎದುರಿಗೆ ನಿಂತವನು ಹತ್ತೊಂಬತ್ತು ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿ. ತೂಕದಲ್ಲಿ ನನಗಿಂತ ಹತ್ತು ಕಿಲೋ ಕಡಿಮೆ, ಎತ್ತರದಲ್ಲಿ ನನ್ನ ಹುಬ್ಬಿನವರೆಗೆ. "ಅಣ್ಣಾ, ನಿಧಾನಕ್ಕೆ ಆಡೋಣ್ರಿ" ಎಂದು ಕೈಗವಸು ತಾಗಿಸಿದವನು ಗಂಟೆ ಹೊಡೆದ ಕೂಡಲೇ ತಲೆ ತಗ್ಗಿಸಿ ಒಳನುಗ್ಗಿ, ಎರಡು ಜಾಬ್ (ಮುಂದಿರುವ ಕೈಯನ್ನು ಚಾಚಿ ಹೊಡೆಯುವ ನೇರ ಪೆಟ್ಟು), ಒಂದು ಬಲಗೈ, ಒಂದು ಎಡ ಹುಕ್ (ಪಕ್ಕದಿಂದ ಬಾಗಿ ಬರುವ ಪೆಟ್ಟು) ಕೊಟ್ಟು, ನಾನು ಕಣ್ಣು ಬಿಡುವಷ್ಟರಲ್ಲಿ ಮತ್ತೆ ಅದನ್ನೇ ಶುರುಮಾಡಿದ. ನಾನು ಮಾಡಿದ್ದು ಎಲ್ಲ ಹೊಸಬರೂ ಮಾಡುವುದನ್ನೇ: ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು, ನೆಟ್ಟಗೆ ಹಿಂದಕ್ಕೆ ನಡೆದೆ. ನಾಲ್ಕು ಹೆಜ್ಜೆಗೆ ಬೆನ್ನಿಗೆ ಹಾಸಿಗೆ ತಗುಲಿತು. ಒಂದೂವರೆ ನಿಮಿಷ ಕಳೆಯುವಷ್ಟರಲ್ಲಿ ಉಸಿರು ಕಟ್ಟಿ ಕೈ ಎತ್ತಿದೆ.

ಕೋಚ್ ಅವರ ಪಾಠ ಶುರುವಾದದ್ದು ಆಗ, ಈ ತರಗತಿಗೆ ಹಣ ಕೊಡಬಹುದು ಎನ್ನುವುದಕ್ಕೆ ಕಾರಣವೂ ಅದೇ. ಅವರು ಬೈಯಲಿಲ್ಲ, ಗಾರ್ಡ್ ಎತ್ತು, ಅಂದರೆ ಕೈಗಳನ್ನು ಮುಖಕ್ಕೆ ರಕ್ಷಣೆಯಾಗಿ ಹಿಡಿ, ಎಂದು ಕೂಗಲಿಲ್ಲ. ಸೀಮೆಸುಣ್ಣ ತಂದು ನನ್ನ ಎರಡೂ ಪಾದಗಳ ಸುತ್ತ ಗೆರೆ ಎಳೆದರು. "ಹಿಂದಕ್ಕೆ ಹೋಗಬ್ಯಾಡ್ರಿ. ಅವನು ಮುಂದಕ್ಕೆ ಓಡತಾನ, ನೀವು ಹಿಂದಕ್ಕೆ ಓಡತೀರಿ. ಹಿಂದಕ್ಕೆ ಓಡೋನು ಎಂದಾದ್ರೂ ಗೆದ್ದಾನೇನ್ರಿ?" ಎಂದರು. ಆಮೇಲೆ ಎಡ ಪಾದದ ಗೆರೆಯ ಒಳಗೆ ಒಂದು ಚುಕ್ಕೆ ಇಟ್ಟು, ಆ ಪಾದದ ಮುಂಭಾಗವನ್ನು ಬಾಗಿಲ ಕೀಲಿನಂತೆ ಅಲ್ಲೇ ನೆಟ್ಟು, ಬಲಗಾಲನ್ನು ಮಾತ್ರ ಹಿಂದಿನಿಂದ ಎಡಕ್ಕೆ ಬೀಸಿ ತಿರುಗಲು ಹೇಳಿದರು. ಆ ಸಂಜೆ ನಲವತ್ತು ನಿಮಿಷ ನಾನು ಹೊಡೆಯಲೂ ಇಲ್ಲ, ಹೊಡೆಸಿಕೊಳ್ಳಲೂ ಇಲ್ಲ. ಆ ಹುಡುಗ ಕೈ ಕೆಳಗಿಟ್ಟು ನನ್ನತ್ತ ನಡೆದು ಬರುತ್ತಿದ್ದ, ನಾನು ಬಾಗಿಲಿನಂತೆ ತೆರೆದುಕೊಂಡು ಅವನನ್ನು ಹಾದುಹೋಗಲು ಬಿಡುತ್ತಿದ್ದೆ. ತಿರುಗಿ ಮುಗಿದಾಗ ಬಲಗಾಲು ಸೀಮೆಸುಣ್ಣದ ಎರಡನೆಯ ಗುರುತಿನ ಮೇಲೆ ಬಿದ್ದಿದೆಯೇ ಎಂದು ಅವರು ಪ್ರತಿ ಸಲ ಬಗ್ಗಿ ನೋಡುತ್ತಿದ್ದರು. ಎರಡು ಬೆರಳು ಆಚೆ ಬಿದ್ದಿದ್ದರೆ ಮತ್ತೊಮ್ಮೆ.

ಇದರ ಹಿಂದಿನ ಲೆಕ್ಕ ಸರಳವಾಗಿದೆ, ಆದರೆ ಪೆಟ್ಟು ಬೀಳುವಾಗ ಅದು ನೆನಪಿಗೆ ಬರುವುದಿಲ್ಲ. ವೇಗವಾಗಿ ನುಗ್ಗುವವನ ಬಲವೆಲ್ಲ ಒಂದು ನೇರ ಗೆರೆಯ ಮೇಲೆ ಇರುತ್ತದೆ. ನಾವು ಆ ಗೆರೆಯ ಮೇಲೇ ಹಿಂದೆ ಸರಿದರೆ ಅವನ ಐದು ಪೆಟ್ಟುಗಳ ಸರಣಿ ಹಾಗೇ ಮುಂದುವರಿಯುತ್ತದೆ, ನಮ್ಮ ಗದ್ದ ಮೇಲೇಳುತ್ತದೆ, ಭಾರ ಹಿಮ್ಮಡಿಯ ಮೇಲೆ ಹೋಗಿ ತಿರುಗಿ ಹೊಡೆಯುವ ಶಕ್ತಿಯೇ ಉಳಿಯುವುದಿಲ್ಲ. ಗೆರೆಯಿಂದ ಪಕ್ಕಕ್ಕೆ ಸರಿದರೆ ಅವನು ನಿಂತು, ಹುಡುಕಿ, ಪಾದ ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಅವನ ಕೈಯ ವೇಗವನ್ನು ನಾವು ಕಡಿಮೆ ಮಾಡಲಾರೆವು. ಅವನು ಎಷ್ಟು ಸಲ ಹೊಸದಾಗಿ ಶುರುಮಾಡಬೇಕಾಗುತ್ತದೆ ಎಂಬುದನ್ನು ಮಾತ್ರ ಹೆಚ್ಚಿಸಬಲ್ಲೆವು.

ಮೂರನೆಯ ಶನಿವಾರದಿಂದ ಇದಕ್ಕೆ ಜಾಬ್ ಸೇರಿತು. ಜಾಬ್ ಎಂದರೆ ಎದುರಾಳಿಯ ಪೆಟ್ಟಿಗೆ ಉತ್ತರ ಎಂದು ನಾನು ತಿಳಿದಿದ್ದೆ. ಇಲ್ಲಿ ಹೇಳಿಕೊಟ್ಟದ್ದು ಬೇರೆ: ಅವನ ಮುಂಗಾಲು ನೆಲ ಬಿಟ್ಟ ಕ್ಷಣದಲ್ಲೇ, ಪೆಟ್ಟು ಹೊರಡುವ ಮುಂಚೆ, ಜಾಬ್ ಹೋಗಬೇಕು; ಅದೂ ತಲೆಗಲ್ಲ, ಎದೆಗೆ. ತಲೆ ಅತ್ತಿತ್ತ ಆಡುತ್ತಿರುತ್ತದೆ, ಎದೆ ಆಡುವುದಿಲ್ಲ. ಎದೆಯ ನಡುವೆ ಬಿದ್ದ ಜಾಬ್ ನೋಯಿಸದಿದ್ದರೂ ಮುಂದಿನ ಹೆಜ್ಜೆಯನ್ನು ತಡೆಯುತ್ತದೆ. ಕಣ್ಣೂ ಕೈಗವಸುಗಳ ಮೇಲಲ್ಲ, ಎದೆಯ ಮೇಲೇ ಇರಬೇಕು, ಏಕೆಂದರೆ ಕೈ ಹೊರಡುವ ಮುಂಚೆ ಹೆಗಲು ತಿರುಗಿರುತ್ತದೆ. ಎರಡು ವಾರ ನೋಡಿದ ಮೇಲೆ ಆ ಹುಡುಗ ಪ್ರತಿ ಸಲ ನುಗ್ಗುವ ಮುಂಚೆ ಬಲಗೈಯನ್ನು ಒಂದಿಷ್ಟು ಕೆಳಗಿಳಿಸುತ್ತಾನೆ ಎಂಬುದು ನನ್ನ ಗಮನಕ್ಕೆ ಬಂತು. ಮಂಡಿಯಲ್ಲಿ ಸವಾಲು ಏರಿಸುವ ಮುಂಚೆ ಕೆಲವು ವ್ಯಾಪಾರಿಗಳು ಕಾಳನ್ನು ಇನ್ನೊಮ್ಮೆ ಅಂಗೈಯಲ್ಲಿ ಆಡಿಸುತ್ತಾರೆ, ಇದೂ ಅಂಥದ್ದೇ. ಇದನ್ನು ಕೋಚ್ ಅವರಿಗೆ ಹೇಳಿದಾಗ ಅವರು ನಕ್ಕು, ಅದನ್ನು ಅವನಿಗೆ ಹೇಳಬೇಡಿ ಎಂದರು. ಆಮೇಲೆ ಅವರೇ ಹೇಳಿಬಿಟ್ಟರು.

ಅಪ್ಪಿ ಹಿಡಿಯುವ ಕ್ಲಿಂಚ್ ಅನ್ನು ಇಷ್ಟು ಚೆನ್ನಾಗಿ ಕಲಿಸುತ್ತಾರೆಂದು ನಾನು ನಿರೀಕ್ಷಿಸಿರಲಿಲ್ಲ. ನನಗಂತೂ ಅದು ಹೇಡಿತನ ಎನ್ನಿಸಿತ್ತು. ಎದುರಾಳಿಯ ಎರಡೂ ತೋಳುಗಳನ್ನು ಮೊಣಕೈಯ ಮೇಲ್ಭಾಗದಲ್ಲಿ ಒತ್ತಿಹಿಡಿದು, ನಮ್ಮ ತಲೆಯನ್ನು ಅವನ ಹೆಗಲಿಗೆ ಆನಿಸಿ, ಸ್ವಲ್ಪ ಭಾರ ಬಿಟ್ಟು, ಎರಡು ಉಸಿರು ಎಳೆದುಕೊಂಡು, ಬಿಡುವಾಗ ನೇರ ಹಿಂದಕ್ಕೆ ಬಾರದೆ ಪಕ್ಕಕ್ಕೆ ಹೊರಬರುವುದು ಕ್ರಮ. ಗರಡಿಯ ಮಟ್ಟಿಯಲ್ಲಿ ಬೆಳೆದ ಇಬ್ಬರು ನಮ್ಮ ತಂಡದಲ್ಲಿದ್ದಾರೆ, ಅವರಿಗೆ ಇದು ಒಂದೇ ದಿನಕ್ಕೆ ಬಂತು. ಎತ್ತಿ ಹಾಕದಂತೆ ತಡೆಯುವುದೇ ಕಷ್ಟವಾಯಿತು. ಸ್ಪರ್ಧೆಯಲ್ಲಿ ಪದೇ ಪದೇ ಹಿಡಿದರೆ ರೆಫರಿ ಎಚ್ಚರಿಕೆ ಕೊಡುತ್ತಾರೆ ಎಂಬುದನ್ನೂ ಕೋಚ್ ಸ್ಪಷ್ಟವಾಗಿ ಹೇಳುತ್ತಾರೆ.

ಸ್ಪಾರಿಂಗ್ ಮುಗಿದ ಮೇಲೆ ಹಾಸಿಗೆಗೆ ಒರಗಿ ಕುಳಿತು, ಕೋಚ್ ಅವರ ಮೊಬೈಲ್‌ನಲ್ಲಿ ಹಳೆಯ ಪಂದ್ಯಗಳನ್ನು ನೋಡುವುದು ಇಲ್ಲಿಯ ರೂಢಿ. ಅವರ ಆಯ್ಕೆಗೆ ತಲೆದೂಗುತ್ತೇನೆ. 2007ರ ಡಿಸೆಂಬರ್‌ನಲ್ಲಿ ಲಾಸ್ ವೇಗಾಸ್‌ನಲ್ಲಿ ಫ್ಲಾಯ್ಡ್ ಮೇವೆದರ್ ವಿರುದ್ಧ ಆಡಿದ ರಿಕಿ ಹ್ಯಾಟನ್ ಪಂದ್ಯದ ಉದ್ದಕ್ಕೂ ಮುಂದಕ್ಕೇ ನುಗ್ಗುತ್ತಿದ್ದರು. ಹತ್ತನೆಯ ಸುತ್ತಿನಲ್ಲಿ ಮೇವೆದರ್ ಎಡ ಹುಕ್ ಹೊಡೆಯುತ್ತಲೇ ಪಾದದ ಮೇಲೆ ತಿರುಗಿ ಪಕ್ಕಕ್ಕೆ ಸರಿದರು, ಹ್ಯಾಟನ್ ತಮ್ಮದೇ ವೇಗದಲ್ಲಿ ಮೂಲೆಯ ಕಂಬಕ್ಕೆ ಹೋಗಿ ಬಡಿದರು. ನನ್ನ ಸೀಮೆಸುಣ್ಣದ ಗೆರೆ ಏನೆಂಬುದು ನನಗೆ ಪೂರ್ತಿ ಅರ್ಥವಾದದ್ದು ಅದನ್ನು ನಾಲ್ಕನೆಯ ಸಲ ನೋಡಿದಾಗ. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಮೈಕ್ ಟೈಸನ್ ಅವರನ್ನು ಜೇಮ್ಸ್ 'ಬಸ್ಟರ್' ಡಗ್ಲಾಸ್ ಹತ್ತನೆಯ ಸುತ್ತಿನಲ್ಲಿ ಉರುಳಿಸಿದ ಪಂದ್ಯವನ್ನು ಜಾಬ್‌ಗಾಗಿ ತೋರಿಸುತ್ತಾರೆ, 1996ರಲ್ಲಿ ಅದೇ ಟೈಸನ್ ಅವರನ್ನು ಇವಾಂಡರ್ ಹೋಲಿಫೀಲ್ಡ್ ಸೋಲಿಸಿದ್ದನ್ನು ಕ್ಲಿಂಚ್‌ಗಾಗಿ. 1974ರಲ್ಲಿ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಹಗ್ಗಕ್ಕೆ ಒರಗಿ ಜಾರ್ಜ್ ಫೋರ್‌ಮನ್ ಅವರನ್ನು ದಣಿಸಿ ಎಂಟನೆಯ ಸುತ್ತಿನಲ್ಲಿ ಕೆಡವಿದ ಪಂದ್ಯವನ್ನು ಮಾತ್ರ ಕೇಳಿದರೂ ತೋರಿಸುವುದಿಲ್ಲ. ಅದನ್ನು ನೋಡಿದ ಹುಡುಗರು ಮರುವಾರ ಹಗ್ಗಕ್ಕೆ ಒರಗಿ ಪೆಟ್ಟು ತಿನ್ನುತ್ತಾ ನಿಲ್ಲುತ್ತಾರೆ ಎಂಬುದು ಅವರ ತಕರಾರು.

ಇನ್ನು ದೂರುಗಳಿಗೆ ಬರುತ್ತೇನೆ. ಜೋಡಿ ಹಾಕುವ ಕ್ರಮ ಸರಿಯಿಲ್ಲ. ಯಾರು ಕೈಗೆ ಪಟ್ಟಿ ಸುತ್ತಿಕೊಂಡು ಮೊದಲು ಸಿದ್ಧರಾಗುತ್ತಾರೋ ಅವರೇ ಒಳಗೆ. ಹೀಗಾಗಿ 58 ಕಿಲೋದ ಹುಡುಗನೊಬ್ಬ 85 ಕಿಲೋದವರ ಎದುರು ನಿಂತದ್ದನ್ನು ನೋಡಿದ್ದೇನೆ. ಕೆಲವು ಶನಿವಾರ ಹುಡುಗರ ಗೆಳೆಯರು ಬಂದು ಹಗ್ಗದ ಹೊರಗೆ ನಿಂತು ರೀಲ್ಸ್ ಮಾಡುತ್ತಾರೆ. ಕ್ಯಾಮೆರಾ ಕಂಡ ಕೂಡಲೇ ನಿಧಾನದ ಆಟ ಹೋಗಿ ಜಿದ್ದಿನ ಆಟ ಬರುತ್ತದೆ.

ಏಳನೆಯ ಶನಿವಾರ ಆದದ್ದೂ ಇದೇ. ನನ್ನ ಎದುರಿನವನು, ಹೊಸಬ, ಸುತ್ತು ಮುಗಿದ ಗಂಟೆಯ ಮೇಲೂ ನಿಲ್ಲಿಸಲಿಲ್ಲ. ನಾನು ಕೈ ಇಳಿಸಿದ್ದೆ, ಮೂಗಿನಿಂದ ರಕ್ತ ಬಂತು. ಆ ಹೊತ್ತಿಗೆ ಕೋಚ್ ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದರು. ಹಳೆಯ ವಿದ್ಯಾರ್ಥಿಯೊಬ್ಬರು ಒಳಗೆ ಬಂದು ಅವನನ್ನು ಹಿಡಿದು ನಿಲ್ಲಿಸಿದರು. ಐಸ್ ಕೇಳಿದರೆ ಇರಲಿಲ್ಲ. ಎದುರಿನ ಅಂಗಡಿಯಿಂದ ತಣ್ಣನೆಯ ಸೋಡಾ ಬಾಟಲಿ ತಂದು ಮೂಗಿಗೆ ಹಿಡಿದರು. ಕೋಚ್ ಕ್ಷಮೆ ಕೇಳಿದರು, ಅದಾದ ಮೇಲೆ ಸ್ಪಾರಿಂಗ್ ನಡೆಯುವಾಗ ಅವರು ಹೊರಗೆ ಹೋದದ್ದನ್ನು ನಾನು ಕಂಡಿಲ್ಲ. ಆದರೆ ಐಸ್ ಪೆಟ್ಟಿಗೆ ಇನ್ನೂ ಬಂದಿಲ್ಲ, ರೀಲ್ಸ್ ನಿಂತಿಲ್ಲ.

ಸಲಕರಣೆಗಳ ಬಗ್ಗೆ ಸಂಕ್ಷೇಪವಾಗಿ: ಕೈಗವಸುಗಳು 16 ಔನ್ಸಿನವು, ಅಂದರೆ ಒಂದೊಂದೂ ಸುಮಾರು 450 ಗ್ರಾಂ, ಸ್ಪಾರಿಂಗ್‌ಗೆ ಅದೇ ಸರಿ, ಸ್ಪರ್ಧೆಯ 10 ಔನ್ಸಿನವನ್ನು ಇಲ್ಲಿ ಮುಟ್ಟಲು ಬಿಡುವುದಿಲ್ಲ. ಹೆಡ್‌ಗಾರ್ಡ್‌ಗಳು ಮಾತ್ರ ನಾಲ್ಕೇ ಇದ್ದು, ಒಬ್ಬರ ಬೆವರು ಆರುವ ಮುಂಚೆ ಇನ್ನೊಬ್ಬರ ತಲೆಗೆ ಏರುತ್ತವೆ. ಸ್ವಂತದ್ದು ಒಯ್ಯುವುದು ಒಳ್ಳೆಯದು, ಹಲ್ಲು ಕಾಯುವ ಗಮ್‌ಶೀಲ್ಡ್ ಅಂತೂ ಸ್ವಂತದ್ದೇ ಬೇಕು. ಹೆಡ್‌ಗಾರ್ಡ್ ಹುಬ್ಬು ಸೀಳುವುದನ್ನು ತಪ್ಪಿಸುತ್ತದೆಯೇ ಹೊರತು ತಲೆಯೊಳಗಿನ ಅದುರನ್ನು ತಡೆಯುವುದಿಲ್ಲ. ಈ ಮಾತನ್ನು ಕೋಚ್ ಮೊದಲ ದಿನವೇ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ತಲೆನೋವು ಬಂದವರನ್ನು ಅವರು ಮರುವಾರ ರಿಂಗಿಗೆ ಬಿಡುವುದಿಲ್ಲ, ಎಷ್ಟೇ ಬೇಡಿದರೂ.

ಆರು ತಿಂಗಳಾದರೂ ಬ್ಯಾಗಿನ ಕೆಲಸ ಮಾಡಿ, ವೇಗದ ಎದುರಾಳಿಯ ಮುಂದೆ ಕೈಕಾಲು ಆಡದೆ ನಿಂತ ಅನುಭವವಾದವರಿಗೆ ಈ ಶನಿವಾರಗಳನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಮೊದಲ ದಿನವೇ ಸ್ಪಾರಿಂಗ್ ಬೇಕೆನ್ನುವವರಿಗೆ, ಮಕ್ಕಳನ್ನು ಬಿಟ್ಟು ಸಂಜೆಗೆ ಕರೆದೊಯ್ಯುವ ತಂದೆತಾಯಿಯರಿಗೆ, ಜೋಡಿಯ ಕ್ರಮ ಸರಿಯಾಗುವವರೆಗೆ ಮಾಡಲಾರೆ.

ಹನ್ನೆರಡನೆಯ ಶನಿವಾರ ಅದೇ ಇಂಜಿನಿಯರಿಂಗ್ ಹುಡುಗನ ಜೊತೆ ಎರಡು ಸುತ್ತು ಆಡಿದೆ. ಅವನು ಈಗಲೂ ನನಗಿಂತ ವೇಗ, ಲೆಕ್ಕ ಹಾಕಿದರೆ ನನಗೆ ಬಿದ್ದ ಪೆಟ್ಟುಗಳೇ ಹೆಚ್ಚು. ಆದರೆ ಬೆನ್ನಿಗೆ ಹಾಸಿಗೆ ತಗುಲಿದ್ದು ಒಂದೇ ಸಲ, ಅದೂ ಎರಡನೆಯ ಸುತ್ತಿನ ಕೊನೆಗೆ. ಒಮ್ಮೆ ಅವನು ನುಗ್ಗಿದಾಗ ನಾನು ತಿರುಗಿ ನಿಂತಿದ್ದೆ, ಅವನು ಹಾಸಿಗೆಗೆ ಎರಡು ಪೆಟ್ಟು ಕೊಟ್ಟ ಮೇಲೆ ನನ್ನನ್ನು ಹುಡುಕಿದ. ಆಮೇಲೆ ಇಬ್ಬರೂ ಮಂಡಕ್ಕಿ ಮಿರ್ಚಿ ತಿನ್ನಲು ಹೋದೆವು. ಬಲಗೈ ಇಳಿಸುವ ಅಭ್ಯಾಸ ಬಿಟ್ಟಿದ್ದೇನೆ ನೋಡಿದಿರಾ ಅಣ್ಣಾ ಎಂದು ಅವನು ಕೇಳಿದ. ಬಿಟ್ಟಿರಲಿಲ್ಲ, ಹೌದು ಎಂದೆ.

ಮುಂದಿನ ಮೂರು ತಿಂಗಳ 4,500 ರೂಪಾಯಿ ಕಟ್ಟಿದ್ದೇನೆ. ರಸೀದಿ ಇನ್ನೂ ಕೊಟ್ಟಿಲ್ಲ.