ಪುಣೆ ಕ್ಯಾಂಪಿನ ಬಂದೂಕು ರಿಪೇರಿ ಅಂಗಡಿ: ಬಿಚ್ಚಿ ಜೋಡಿಸಿದ ರಿವಾಲ್ವರಿನ ದೋಷ ಸಿಕ್ಕಿದ್ದು ಹೀಗೆ

ನಮ್ಮ ತಂದೆಯವರಿಂದ ಕಾನೂನುಬದ್ಧವಾಗಿ ನನ್ನ ಲೈಸೆನ್ಸಿಗೆ ಬಂದಿರುವ ರಿವಾಲ್ವರ್ ಕಾನ್ಪುರದ ಸರ್ಕಾರಿ ಕಾರ್ಖಾನೆಯದು. ನಡುವೆ ಮಡಚಿಕೊಂಡು ತೆರೆಯುವ, ಆರು ಗುಂಡಿನ, .32 ಬೋರಿನ ಆಯುಧ. ಮಳೆಗಾಲದ ತೇವಕ್ಕೆ ಒಳಗೆ ತುಕ್ಕು ಹಿಡಿದಿರಬಹುದೆಂಬ ಆತಂಕದಿಂದ ನಾನೇ ಅದರ ಪಕ್ಕದ ಮುಚ್ಚಳ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಮತ್ತೆ ಜೋಡಿಸಿದೆ. ಜೋಡಿಸಿದ ಮೇಲೆ ಎಳೆದ ಟ್ರಿಗರ್ ತಾನಾಗಿ ಮುಂದಕ್ಕೆ ಬರುತ್ತಿರಲಿಲ್ಲ. ಗುಂಡುಗಳನ್ನು ಹಿಡಿದಿರುವ ಸಿಲಿಂಡರ್ ಒಮ್ಮೆ ತಿರುಗಿದರೆ ಇನ್ನೊಮ್ಮೆ ಅರ್ಧದಲ್ಲೇ ನಿಲ್ಲುತ್ತಿತ್ತು. ಎರಡು ಭಾಗಗಳು ಕೆಟ್ಟಿವೆ ಎಂದುಕೊಂಡು ಕ್ಯಾಂಪಿನ ಅಂಗಡಿಗೆ ಹೋದೆ.

ಅಲ್ಲಿ ಮೊದಲು ಲೈಸೆನ್ಸ್ ಪುಸ್ತಕ ಮತ್ತು ರಿವಾಲ್ವರಿನ ಮೇಲಿನ ಸಂಖ್ಯೆಯನ್ನು ತಾಳೆ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ರಸೀದಿ ಕೊಟ್ಟರು. 1959ರ ಆಯುಧ ಕಾಯ್ದೆಯ ಪ್ರಕಾರ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಅದನ್ನು ಗೋಡೆಯ ಮೇಲೆ ಎದುರಿಗೇ ತೂಗುಹಾಕಿದ್ದಾರೆ. ನಿಪ್ಪಾಣಿ ಕಡೆಯ ಹಿರಿಯ ಮೇಸ್ತ್ರಿಯವರು ನನ್ನ ಕನ್ನಡ ಕೇಳಿ, "ಮೊದಲ ಖಾಲಿ ಐತಿ ಅನ್ನೂದು ನೋಡೂಣ್ರಿ ಸರ, ಆಮ್ಯಾಲೆ ರೋಗ ಏನಂತ ಕೇಳೂಣು" ಎಂದು, ಸಿಲಿಂಡರಿನಲ್ಲಿ ಗುಂಡು ಕೂರುವ ಆರೂ ಗೂಡುಗಳನ್ನು ತಾವೂ ನೋಡಿ ನನಗೂ ತೋರಿಸಿದರು.

ನನಗೆ ಗೌರವ ಮೂಡಿದ್ದು ಮುಂದಿನ ಅರ್ಧ ಗಂಟೆಯಲ್ಲಿ. ಅವರು ತಕ್ಷಣ ಬಿಚ್ಚಲಿಲ್ಲ. ಗುಂಡಿಲ್ಲದ ಡಮ್ಮಿಗಳನ್ನು ತುಂಬಿ, ಗುಂಡಿನ ಹಿಂಬದಿಗೆ ಬಡಿಯುವ ಹ್ಯಾಮರನ್ನು ಬಹಳ ನಿಧಾನವಾಗಿ ಹಿಂದಕ್ಕೆಳೆಯುತ್ತ, ಪ್ರತಿ ಗೂಡೂ ಹ್ಯಾಮರ್ ಪೂರ್ತಿ ಹಿಂದಕ್ಕೆ ಬರುವ ಮೊದಲೇ ನಳಿಗೆಯ ನೇರಕ್ಕೆ ಬಂದು ತನ್ನ ಕಚ್ಚಿನಲ್ಲಿ ಕೂರುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿದರು. ಒಂದೇ ಗೂಡಿನಲ್ಲಿ ತಪ್ಪಿದ್ದರೆ ಸಿಲಿಂಡರಿನ ಹಿಂಬದಿಯ ಹಲ್ಲುಚಕ್ರದ ಆ ಹಲ್ಲು ಸವೆದಿದೆ ಎಂದು ಅನುಮಾನಿಸಬಹುದಿತ್ತು. ಇಲ್ಲಿ ಒಮ್ಮೊಮ್ಮೆ ಒಂದೊಂದು ಕಡೆ ತಪ್ಪುತ್ತಿದ್ದುದರಿಂದ ತಪ್ಪು ಹಲ್ಲಿನದಲ್ಲ, ಹಲ್ಲನ್ನು ತಳ್ಳುವ ಪಾಲ್‌ನದು ಎಂದರು. ಮುಚ್ಚಳ ತೆಗೆದಾಗ ಕಾರಣ ಕಣ್ಣಿಗೇ ಕಂಡಿತು. ವಿ ಆಕಾರದ ಮುಖ್ಯ ಸ್ಪ್ರಿಂಗಿನ ಕೆಳಗಿನ ತೋಳು ತನ್ನ ಸನ್ನೆಯ (ಲಿವರ್) ಮೇಲೆ ಕೂತಿರಲಿಲ್ಲ, ಪಕ್ಕಕ್ಕೆ ಜಾರಿತ್ತು. ಟ್ರಿಗರನ್ನು ಮುಂದಕ್ಕೆ ತರುವುದೂ ಪಾಲನ್ನು ಹಲ್ಲಿಗೆ ಒತ್ತಿ ಹಿಡಿಯುವುದೂ ಅದೇ ಸನ್ನೆ. ನಾನು ಎರಡು ರೋಗವೆಂದು ಎಣಿಸಿದ್ದಕ್ಕೆ ಮೂಲ ಒಂದೇ ಆಗಿತ್ತು, ಒಂದು ಭಾಗವನ್ನೂ ಬದಲಾಯಿಸಬೇಕಾಗಲಿಲ್ಲ.

ನನ್ನ ಸ್ಕ್ರೂಡ್ರೈವರ್ ಕೆಡಿಸಿದ್ದ ಸ್ಕ್ರೂ ತಲೆಯನ್ನು ಅವರು ಅರದಿಂದ ಸರಿಪಡಿಸಿದರು. ಸೀಳಿಗೆ ಸರಿಯಾಗಿ ತುಂಬುವ ಬಾಯಿಯ ಸ್ಕ್ರೂಡ್ರೈವರ್ ಇಲ್ಲದೆ ಮುಚ್ಚಳಕ್ಕೆ ಕೈ ಹಾಕಬಾರದೆಂದೂ, ಸ್ಕ್ರೂ ಬಿಗಿದಾಗ ಮಾತ್ರ ಟ್ರಿಗರ್ ಬಿಗಿಯಾದರೆ ಒಳಗೆ ಯಾವುದೋ ಭಾಗ ಕೂತಿಲ್ಲ ಎಂದೇ ತಿಳಿಯಬೇಕೆಂದೂ ಹೇಳಿದರು. ಹಿಂತಿರುಗಿಸುವ ಮೊದಲು, ಬಿದ್ದ ಹ್ಯಾಮರ್ ತುಸು ಹಿಂದಕ್ಕೆ ಸರಿದು ನಿಲ್ಲುತ್ತದೆಯೇ, ಎಳೆದು ನಿಲ್ಲಿಸಿದ ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೂ ಜಾರದೆ ನಿಲ್ಲುತ್ತದೆಯೇ ಎಂಬ ಎರಡು ಪರೀಕ್ಷೆಗಳನ್ನೂ ನನ್ನೆದುರೇ ಮಾಡಿದರು. ಸುರಕ್ಷತೆಯ ದೃಷ್ಟಿಯಿಂದ ಇವೇ ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ.

ಕೊರತೆ ಒಂದುಂಟು: ಬಿಲ್ಲಿನಲ್ಲಿ "ರಿಪೇರಿ" ಎಂದಷ್ಟೇ ಬರೆದಿದ್ದಾರೆ. ಏನು ಸರಿಪಡಿಸಿದರೆಂದು ಬರೆದುಕೊಟ್ಟಿದ್ದರೆ ಮುಂದಿನ ಮೇಸ್ತ್ರಿಗೂ ಉಪಯೋಗವಾಗುತ್ತಿತ್ತು. ಮಧ್ಯಾಹ್ನ ಅಂಗಡಿ ಮುಚ್ಚಿರುವುದರಿಂದ ಬೆಳಿಗ್ಗೆಯೇ ಹೋಗಿ. ಮೂಲ ಲೈಸೆನ್ಸ್ ಪುಸ್ತಕವಿಲ್ಲದೆ ಅವರು ಆಯುಧವನ್ನು ಮುಟ್ಟುವುದೇ ಇಲ್ಲ.