ಓಪನ್ ಹಾಲಾ, ಕ್ಯಾಬಿನ್ನಾ?

ಹೊಸ ಆಫೀಸಿಗೆ ಗೋಡೆ ಇಲ್ಲದ ದೊಡ್ಡ ಹಾಲ್ ಸಾಕಾ, ಚಿಕ್ಕ ಚಿಕ್ಕ ರೂಮ್ ಬೇಕಾ? ಖರ್ಚು, ಜಾಗ ನೋಡಿದರೆ ಹಾಲೇ ಅಗ್ಗ. ಅದರಲ್ಲಿ ಚರ್ಚೆಯೇ ಇಲ್ಲ.

ಆದರೆ ಗೋಡೆ ತೆಗೆದರೆ ಜನ ಜಾಸ್ತಿ ಮಾತಾಡುತ್ತಾರೆ ಅನ್ನುವುದು ಸುಮ್ನೆ ನಂಬಿಕೆ. ಹಾರ್ವರ್ಡ್‌ನ ಬರ್ನ್‌ಸ್ಟೀನ್ ಮತ್ತು ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಎರಡು ದೊಡ್ಡ ಕಂಪನಿಗಳು ಓಪನ್ ಆಫೀಸಿಗೆ ಬಂದ ಮೇಲೆ ಅಲ್ಲಿ ಮುಖಾಮುಖಿ ಮಾತು ಸುಮಾರು ಶೇ. 70ರಷ್ಟು ಇಳಿದಿತ್ತು, ಈಮೇಲ್ ಏರಿತ್ತು. ಎಲ್ಲರ ಕಣ್ಣಿಗೂ ಬೀಳುವಾಗ ಜನ ಹೆಡ್‌ಫೋನ್ ಹಾಕಿಕೊಂಡು ತಲೆ ತಗ್ಗಿಸುತ್ತಾರೆ. ಇನ್ನು ಗದ್ದಲಕ್ಕಿಂತ ಜಾಸ್ತಿ ಕಾಡುವುದು ಅರ್ಥವಾಗುವ ಮಾತು. ಎಸಿಯ ಗುಂಯ್ ಸದ್ದು ಅಭ್ಯಾಸವಾಗಿಬಿಡುತ್ತದೆ. ಪಕ್ಕದ ಸೀಟಿನವರು ಫೋನಲ್ಲಿ ಸಾಲದ ಕಂತಿನ ಬಗ್ಗೆ ಮಾತಾಡಿದರೆ ಕಿವಿ ಅಲ್ಲಿಗೇ ಓಡುತ್ತದೆ, ಅಲ್ವಾ?

ರೂಮುಗಳಲ್ಲಿ ಈ ಕಾಟ ಕಡಿಮೆ. ಆದರೆ ಮುಚ್ಚಿದ ಬಾಗಿಲು ತಟ್ಟಿ ಸಣ್ಣ ಡೌಟ್ ಕೇಳಲು ಹೊಸಬರು ಹಿಂಜರಿಯುತ್ತಾರೆ. ಕಿಟಕಿಗಳೆಲ್ಲ ಮೇಲಿನವರ ಕ್ಯಾಬಿನ್‌ಗೇ ಹೋದರೆ, ಗೋಡೆ ಮೇಲೆ ‘ನಾವೆಲ್ಲ ಒಂದು’ ಅಂತ ಬರೆಸಿ ಏನು ಬಂತು?

ದಿನವಿಡೀ ಕೋಡ್, ಲೆಕ್ಕ, ಬರವಣಿಗೆ ಮಾಡುವ ತಂಡವಾದರೆ ರೂಮನ್ನೇ ಆರಿಸಿ. ಮಾತುಮಾತಿಗೂ ಒಬ್ಬರನ್ನೊಬ್ಬರು ಕೇಳಬೇಕಾದ ಕೆಲಸಕ್ಕೆ ಹಾಲ್ ಸರಿ. ಸೀಲಿಂಗಿಗೆ ಸದ್ದು ಹೀರುವ ಪ್ಯಾನೆಲ್, ಜೊತೆಗೆ ಒಂದೆರಡು ಫೋನ್ ಬೂತ್ ಹಾಕಿಸಿ. ಕಾಫಿ ಮೆಷಿನ್ ಮಾತ್ರ ಸೀಟುಗಳಿಂದ ದೂರ ಇರಲಿ.